ಯಂತ್ರಕ್ಕೆ ಬರೆದ ಓಲೆ

ಶಿಕಾರಿಪುರ ಸೊರಬಗಳ ಸೀಮೆ ಕೆರೆಗಳ ಸೀಮೆ. ಮಲೆನಾಡು ಮುಗಿದು ಬಯಲುನಾಡು ತೊಡಗುವ ಈ ಮೇರೆಯಲ್ಲಿ ಹಿಂದಿನವರು ತಗ್ಗು ಕಂಡಲ್ಲೆಲ್ಲ ಏರಿ ಹಾಕಿ ನೀರನ್ನು ತಡೆದು ನಿಲ್ಲಿಸಿದರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕವಿ ಕುಬ್ಜನು ರಚಿಸಿದ ಐದನೆಯ ಶತಮಾನದ ಶಾಸನವು ಕದಂಬರ ವಂಶವನ್ನು ಎಷ್ಟು ವಿಸ್ತಾರವಾಗಿ ವರ್ಣಿಸಿದರೂ, ಅದು ಹುಟ್ಟಿದುದು ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಕಟ್ಟಿಸಿದ ಒಂದು ಕೆರೆಯ ನಿಮಿತ್ತವಾಗಿಯೇ. ಕೆರೆಯೆಂದರೆ ಕೇವಲ ನಿಂತ ನೀರಲ್ಲ. ಅದಕ್ಕೆ ಏರಿಯುಂಟು, ತೂಬುಂಟು, ಕೋಡಿಯುಂಟು. ತಡೆಯುವುದು ಏರಿಯ ಕೆಲಸ. ಅಳತೆಯಿಂದ ಕೊಡುವುದು ತೂಬಿನ ಕೆಲಸ. ಮಿಕ್ಕುದನ್ನು ಬಿಟ್ಟುಬಿಡುವುದು ಕೋಡಿಯ ಕೆಲಸ. ಒಂದರ ಕೆಲಸವನ್ನು ಇನ್ನೊಂದು ಮಾಡಹೋದ ದಿವಸ ಕೆರೆ ಒಡೆಯುತ್ತದೆ. ಇಷ್ಟನ್ನು ಈ ಸೀಮೆಯ ಒಕ್ಕಲಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇದೇ ಮಾತನ್ನು ಒಂದು ಮನೆಯವರು ಇತ್ತೀಚೆಗೆ ಬೇರೆಯೊಂದು ದಾರಿಯಿಂದ, ಸ್ವಲ್ಪ ಬೆಲೆ ತೆತ್ತು, ಹೊಸದಾಗಿ ಕಲಿಯಬೇಕಾಯಿತು.

ಆ ಮನೆಯಿರುವುದು ಸೊರಬದ ಕಡೆಯ ಒಂದು ಹಳ್ಳಿಯಲ್ಲಿ. ಮನೆಯ ಮುಂದೆ ಗದ್ದೆ, ಹಿಂದೆ ಅಡಕೆಯ ತೋಟ, ತೋಟದ ತಲೆಯಲ್ಲಿ ಬಾವಿ, ಬಾವಿಗೆ ವಿದ್ಯುತ್ತಿನ ಪಂಪು. ಪಂಪನ್ನು ನಡೆಸುವ ಮೂರು ಫೇಸಿನ ವಿದ್ಯುತ್ತು ಹಳ್ಳಿಗಳಿಗೆ ಬರುವುದು ದಿನಕ್ಕೆ ಕೆಲವೇ ಗಂಟೆಗಳ ಮಟ್ಟಿಗೆ. ಅದೂ ಅನೇಕ ವೇಳೆ ನಡುರಾತ್ರಿಯಲ್ಲಿ. ಬೇಸಗೆ ಬಂದಿತೆಂದರೆ ಯಜಮಾನರು ಮಲಗುವ ಕೋಣೆಯಲ್ಲಿ ಒಂದು ದೀಪವನ್ನು ಉರಿಯುವಂತೆ ಬಿಟ್ಟೇ ಮಲಗುತ್ತಿದ್ದರು. ದೀಪ ಹೊತ್ತಿಕೊಂಡಿತೆಂದರೆ ವಿದ್ಯುತ್ತು ಬಂದಿತೆಂದು ಅರ್ಥ. ಎದ್ದು, ಕೈಯಲ್ಲೊಂದು ಬ್ಯಾಟರಿ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ಹಾವಿಗೆ ಹಂದಿಗೆ ಸದ್ದು ಮಾಡುತ್ತ ತೋಟದ ತುದಿಯವರೆಗೆ ಹೋಗಿ ಪಂಪನ್ನು ಹಾಕಿ ಬರಬೇಕು. ಮತ್ತೆರಡು ಗಂಟೆಗಳ ಮೇಲೆ ಹೋಗಿ ನಿಲ್ಲಿಸಬೇಕು. ಮೂವತ್ತು ವರುಷ ಅವರು ಹೀಗೆ ನಡೆದರು. ಅರುವತ್ತು ದಾಟಿದ ಮೇಲೆ ಮೊಣಕಾಲು ಒಪ್ಪದಾಯಿತು.

ಅವರ ಮಗಳು ಶಿಕಾರಿಪುರದಲ್ಲಿ ಉಪಾಧ್ಯಾಯಿನಿ. ಶನಿವಾರ ಸಾಯಂಕಾಲ ಶಿರಾಳಕೊಪ್ಪದ ಮಾರ್ಗವಾಗಿ ಬಸ್ಸಿನಲ್ಲಿ ಬಂದು ಸೋಮವಾರ ಬೆಳಗ್ಗೆ ಹಿಂದಿರುಗುವುದು ಆಕೆಯ ಪದ್ಧತಿ. ತಂದೆಯ ಕಾಲಿನ ನೋವನ್ನು ಕಂಡು ಆಕೆ ಪಂಪಿನ ಕಾವಲಿಗೆ ಒಂದು ಸಣ್ಣ ಪೆಟ್ಟಿಗೆಯನ್ನು ತಾನೇ ಮಾಡಿಕೊಡುವೆನೆಂದು ಹೊರಟಳು. ಅಂಗಡಿಗಳಲ್ಲಿ ಅಂತಹ ಪೆಟ್ಟಿಗೆಗಳು ದೊರೆಯುತ್ತವೆ. ಆದರೆ ಸ್ವಂತ ಬಾವಿಯ ಸ್ವಭಾವ ಬಲ್ಲವರು ಮಾಡಿದ ಪೆಟ್ಟಿಗೆಯೇ ಬೇರೆಯೆಂದು ಆಕೆಯ ಅಭಿಪ್ರಾಯ. ಅದರಲ್ಲಿ ತಾರುಣ್ಯದ ಅಭಿಮಾನವೂ ಸ್ವಲ್ಪ ಸೇರಿದ್ದಿತೆಂದರೆ ತಪ್ಪಲ್ಲ.

ಪೆಟ್ಟಿಗೆಯ ಒಳಗಿನ ಜೀವವೆಂದರೆ ಮೈಕ್ರೊಕಂಟ್ರೋಲರ್ ಎಂಬ ಒಂದು ಬಿಲ್ಲೆ. ೨೦೦೫ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಹುಟ್ಟಿದ ಆರ್ಡುಯಿನೊ ಹಲಗೆಯ ಮೇಲೆ ಕುಳಿತಿರುವ ಎಟಿಮೆಗಾ ೩೨೮ ಎಂಬುದು ಅದರ ಹೆಸರು. ಅದು ಸೆಕೆಂಡಿಗೆ ೧,೬೦,೦೦,೦೦೦ ಮಿಡಿತ ಮಿಡಿಯುತ್ತದೆ. ಬರೆದ ಆಜ್ಞೆಗಳನ್ನು ಇಟ್ಟುಕೊಳ್ಳಲು ಅದಕ್ಕೆ ೩೨ ಕಿಲೋಬೈಟಿನ ಉಗ್ರಾಣವುಂಟು; ಆದರೆ ಕೆಲಸ ಮಾಡುವಾಗ ಲೆಕ್ಕ ಬರೆದುಕೊಳ್ಳುವ ಹಲಗೆ ಮಾತ್ರ ೨,೦೪೮ ಬೈಟುಗಳಷ್ಟೇ. ಈ ಸಣ್ಣ ಸೇವಕನಿಗೆ ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಓಲೆ ಬರೆದುಕೊಟ್ಟರೆ ಅದರಂತೆ ನಡೆಯುತ್ತಾನೆ. ಓಲೆಯಲ್ಲಿ ಬರೆದುದನ್ನು ಬಿಟ್ಟು ಬೇರೇನನ್ನೂ ಮಾಡನು. ಬರೆದುದು ತಪ್ಪಾದರೆ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತಾನೆ.

ಆಕೆ ಬರೆದ ಮೊದಲ ಓಲೆಯು ಒಂದೇ ಉದ್ದನೆಯ ಸುರುಳಿ. ಮೂರು ಫೇಸುಗಳೂ ಬಂದಿವೆಯೆ ನೋಡು, ಬಂದಿದ್ದರೆ ಪಂಪನ್ನು ಹಾಕು, ಹಾಕಿದೆನೆಂದು ಯಜಮಾನರ ಫೋನಿಗೆ ಸಂದೇಶ ಕಳುಹಿಸು, ಕೊಳವೆಯಲ್ಲಿ ನೀರು ಹರಿಯುತ್ತಿದೆಯೆ ನೋಡು, ಹರಿಯದಿದ್ದರೆ ನಿಲ್ಲಿಸು, ಮತ್ತೆ ಮೊದಲಿನಿಂದ. ನೀರಿನ ಹರಿವನ್ನು ತಿಳಿಯಲು ಕೊಳವೆಯಲ್ಲಿ ಒಂದು ಪುಟ್ಟ ಚಕ್ರ. ಚಕ್ರ ತಿರುಗಿದಂತೆಲ್ಲ ಒಂದೊಂದು ಮಿಡಿತ. ಮಿಡಿತಕ್ಕೊಂದರಂತೆ 'ಎಣಿಕೆ' ಎಂಬ ಸ್ಥಾನದಲ್ಲಿ ಅಂಕಿ ಏರುವುದು. ಎಣಿಕೆ ಏರುತ್ತಿದ್ದರೆ ನೀರುಂಟು, ನಿಂತರೆ ನೀರಿಲ್ಲ. ಮಳೆಗಾಲ ಮುಗಿದು ಮಾಘಮಾಸದವರೆಗೆ ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು. ಯಜಮಾನರು ದೀಪವನ್ನು ಆರಿಸಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡರು.

ಚೈತ್ರದ ಒಂದು ರಾತ್ರಿ ಗುಡುಗು ಗಾಳಿಯೊಡನೆ ಅಡ್ಡಮಳೆ ಬಂದಿತು. ಫೋನಿನ ಸಂಪರ್ಕ ಕೆಟ್ಟಿತು. ವಿದ್ಯುತ್ತು ಮಾತ್ರ ಬಂದಿತು. ಪೆಟ್ಟಿಗೆ ಪಂಪನ್ನು ಹಾಕಿತು. ಬಾವಿಯ ನೀರು ಅರ್ಧ ಗಂಟೆಯಲ್ಲಿ ತಳ ಕಂಡಿತು. ಪಂಪು ನಿಲ್ಲಲಿಲ್ಲ. ಬೆಳಗ್ಗೆ ಹೋಗಿ ನೋಡುವಾಗ ಮೋಟಾರಿನ ಸುರುಳಿ ಸುಟ್ಟು ನಾರುತ್ತಿದ್ದಿತು. ಅದನ್ನು ಬಿಚ್ಚಿ, ಸಾಗಿಸಿ, ಹೊಸ ತಂತಿ ಸುತ್ತಿಸಿ ತರುವಷ್ಟರಲ್ಲಿ ಒಂಬತ್ತು ದಿವಸ ಹೋಯಿತು. ಅಡಕೆಯ ಹಿಂಗಾರಕ್ಕೆ ನೀರು ಬೇಕಾದ ಒಂಬತ್ತು ದಿವಸ.

ಮಗಳನ್ನು ಯಜಮಾನರು ಗದರಲಿಲ್ಲ. ಒಂದೇ ಮಾತು ಹೇಳಿದರು: "ನಾನು ಹೋಗಿದ್ದರೆ ಕೇಳಿಸುತ್ತಿತ್ತು." ನೀರು ಎತ್ತುವ ಪಂಪಿನ ದನಿ ಬೇರೆ, ಬರಿದೆ ತಿರುಗುವ ಪಂಪಿನ ದನಿ ಬೇರೆ. ಮೂವತ್ತು ವರುಷ ಕೇಳಿದ ಕಿವಿಗೆ ಅದು ತೋಟದ ಈ ತುದಿಯಿಂದಲೂ ತಿಳಿಯುತ್ತದೆ. ಗದರಿದ್ದರೆ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ. ಕಿವಿಯಿದ್ದ ಕಾವಲುಗಾರನನ್ನು ಮಲಗಿಸಿ ಕಿವುಡನನ್ನು ನಿಲ್ಲಿಸಿದಂತಾಯಿತೆಂದು ಆಕೆ ಆ ವಾರವೆಲ್ಲ ಕೊರಗಿದಳು. ಅನಂತರ ಓಲೆಯನ್ನು ಮುಂದಿಟ್ಟುಕೊಂಡು ಓದಲು ಕುಳಿತಳು.

ತಪ್ಪು ಒಂದಲ್ಲ, ಎರಡು, ಎರಡೂ ಕೈಹಿಡಿದುಕೊಂಡಿದ್ದವು. ಮೊದಲನೆಯದು ಕಾಯುವುದು. ಸಂದೇಶ ಕಳುಹಿಸಿದ ಮೇಲೆ ಉತ್ತರ ಬರುವವರೆಗೆ ಇಪ್ಪತ್ತು ಸೆಕೆಂಡು ಸುಮ್ಮನೆ ನಿಲ್ಲು, ಬಾರದಿದ್ದರೆ ಪುನಃ ಕಳುಹಿಸು ಎಂದು ಆಕೆ ಬರೆದಿದ್ದಳು. ಸಂಪರ್ಕವೇ ಇಲ್ಲದ ರಾತ್ರಿ ಪೆಟ್ಟಿಗೆ ಕಾಯುವುದರಲ್ಲಿಯೇ ಮುಳುಗಿತು. ಆದರೂ ನಡುನಡುವೆ ನೀರನ್ನು ನೋಡುತ್ತಿದ್ದಿತಷ್ಟೆ? ನೋಡುತ್ತಿದ್ದಿತು. ಆಗಲೇ ಎರಡನೆಯ ತಪ್ಪು. ಎಷ್ಟು ಸಲ ಸಂದೇಶ ಕಳುಹಿಸಿದೆನೆಂಬ ಲೆಕ್ಕಕ್ಕೂ ಆಕೆ ತಿಂಗಳುಗಳ ತರುವಾಯ, ಮರೆತು, ಅದೇ 'ಎಣಿಕೆ'ಯನ್ನೇ ಉಪಯೋಗಿಸಿದ್ದಳು. ಪ್ರತಿಯೊಂದು ವಿಫಲ ಸಂದೇಶಕ್ಕೂ ಎಣಿಕೆ ಒಂದು ಏರಿತು. ಎಣಿಕೆ ಏರಿದುದರಿಂದ ಪೆಟ್ಟಿಗೆಯು ನೀರು ಹರಿಯುತ್ತಿದೆಯೆಂದು ನಂಬಿತು. ಬತ್ತಿದ ಬಾವಿಯ ಮೇಲೆ ಯಂತ್ರವು ರಾತ್ರಿಯೆಲ್ಲ ತನ್ನದೇ ಕೂಗಿನ ಪ್ರತಿಧ್ವನಿಯನ್ನು ನೀರಿನ ಸದ್ದೆಂದು ತಿಳಿದು ನಡೆಯಿತು.

ಇಂತಹ ತಪ್ಪು ಅಜ್ಞಾನದಿಂದ ಬರುವುದಲ್ಲ, ಕ್ರಮವಿಲ್ಲದಿರುವುದರಿಂದ ಬರುವುದು. ಇಪ್ಪತ್ತು ಸಾಲಿನ ಓಲೆಗೆ ಕ್ರಮ ಬೇಡ. ಎಂಟುನೂರು ಸಾಲಾದಾಗ ಬರೆದವರ ನೆನಪೇ ಬರೆದವರಿಗೆ ಶತ್ರುವಾಗುತ್ತದೆ. ಈ ಕಷ್ಟವನ್ನು ಜಗತ್ತು ಹಿಂದೆಯೇ ಕಂಡಿದೆ. ನಾರ್ವೆ ದೇಶದ ಡಾಲ್ ಮತ್ತು ನ್ಯೂಗಾರ್ಡ್ ಎಂಬ ವಿದ್ವಾಂಸರು ೧೯೬೦ರ ದಶಕದಲ್ಲಿ ಸಿಮುಲ ಎಂಬ ಭಾಷೆಯನ್ನು ನಿರ್ಮಿಸುವಾಗ, ಒಂದು ವಸ್ತುವಿಗೆ ಸಂಬಂಧಪಟ್ಟ ಅಂಕಿಅಂಶಗಳನ್ನೂ ಅವುಗಳ ಮೇಲೆ ನಡೆಯತಕ್ಕ ಕ್ರಿಯೆಗಳನ್ನೂ ಒಂದೇ ಮನೆಯಲ್ಲಿ ಇಡುವ ಕ್ಲಾಸ್ ಎಂಬ ವ್ಯವಸ್ಥೆಯನ್ನು ಕಂಡುಹಿಡಿದರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಎಂಬ ಡೆನ್ಮಾರ್ಕಿನವರು ೧೯೭೯ರಲ್ಲಿ ಆ ವ್ಯವಸ್ಥೆಯನ್ನು ಸಿ ಭಾಷೆಗೆ ಕಸಿಮಾಡತೊಡಗಿದರು. ೧೯೮೩ರಲ್ಲಿ ಅದಕ್ಕೆ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಬಂದಿತು. ದೊಡ್ಡ ಯಂತ್ರಗಳಿಗಾಗಿ ಹುಟ್ಟಿದ ಈ ಕ್ರಮವು ಉಗುರಿನಷ್ಟು ಬಿಲ್ಲೆಗೂ ಬೇಕಾಗುವುದೆಂದು ಆಗ ಯಾರು ತಾನೆ ಎಣಿಸಿದ್ದರು?

ಎರಡನೆಯ ಓಲೆಯಲ್ಲಿ ಆಕೆ ಕೆಲಸಗಳನ್ನು ಬೇರೆಬೇರೆಯಾಗಿ ಹಂಚಿದಳು. ಪಂಪು ಒಂದು ಕ್ಲಾಸ್, ಹರಿವಿನ ಮಾಪಕ ಒಂದು, ವಿದ್ಯುತ್ತಿನ ಕಾವಲು ಒಂದು, ಸಂದೇಶ ಒಂದು. ಹರಿವಿನ ಎಣಿಕೆ ಈಗ ಮಾಪಕದ ಒಳಮನೆಯ ಒಡವೆ. 'ನೀರು ಹರಿಯುತ್ತಿದೆಯೆ?' ಎಂದು ಹೊರಗಿನವರು ಕೇಳಬಹುದು, ಎಣಿಕೆಯನ್ನು ಮುಟ್ಟಲಾಗದು. ತೂಬಿನ ಕೀಲು ನೀರುಗಂಟಿಯ ಕೈಯಲ್ಲಿಯೇ ಇರತಕ್ಕದ್ದು. ನೀರು ಬೇಕಾದವನು ನೀರುಗಂಟಿಯನ್ನು ಕೇಳಬೇಕೇ ಹೊರತು ತಾನೇ ಹೋಗಿ ತೂಬನ್ನು ಎತ್ತಬಾರದು. ಈ ಕಟ್ಟಳೆಯನ್ನು ಯಂತ್ರವಲ್ಲ, ಓಲೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬ ದುಭಾಷಿಯು ಕಾಯುತ್ತದೆ. ಸಂದೇಶದ ಭಾಗವು ಮಾಪಕದ ಎಣಿಕೆಗೆ ಕೈಹಾಕಿದರೆ ಓಲೆಯು ಹೊಸಲು ದಾಟುವ ಮೊದಲೇ ಅದು ತಡೆದು ನಿಲ್ಲಿಸುತ್ತದೆ. ಮೋಟಾರು ಸುಡುವ ಬದಲು ಮೇಜಿನ ಮೇಲೆಯೇ ತಪ್ಪು ಸಿಕ್ಕಿಬೀಳುವುದು ಸಾಮಾನ್ಯವಾದ ಲಾಭವಲ್ಲ.

ಇನ್ನು ನೇಮ್‌ಸ್ಪೇಸ್. ಇದನ್ನು ೧೯೯೮ರಲ್ಲಿ ನಿಶ್ಚಿತವಾದ ಸಿ ಪ್ಲಸ್ ಪ್ಲಸ್ ಲಕ್ಷಣಗ್ರಂಥವು ವಿಧಿವತ್ತಾಗಿ ಅಂಗೀಕರಿಸಿತು. ಹೊಸೂರು ಎಂಬ ಹೆಸರಿನ ಊರು ನಾಡಿನಲ್ಲಿ ಎಷ್ಟಿಲ್ಲ? ತಾಲ್ಲೂಕಿನ ಹೆಸರು ಸೇರಿಸಿ ಬರೆದರೆ ಕಾಗದ ದಾರಿ ತಪ್ಪದು. ಹಾಗೆಯೇ ಬಾವಿಯ 'ಮಿತಿ' ಬೇರೆ, ವಿದ್ಯುತ್ತಿನ 'ಮಿತಿ' ಬೇರೆ. ಒಂದೊಂದನ್ನೂ ಅದರದರ ಹೆಸರಿನ ಆವರಣದಲ್ಲಿಟ್ಟರೆ ಎರಡೂ ಸುಖವಾಗಿ ಬಾಳುತ್ತವೆ. ಇದಕ್ಕೆ ಯಂತ್ರದ ೨,೦೪೮ ಬೈಟುಗಳಲ್ಲಿ ಒಂದಾದರೂ ವೆಚ್ಚವಾಗುವುದಿಲ್ಲ; ದುಭಾಷಿಯ ಬಳಿಯಲ್ಲಿಯೇ ಆ ಹೆಸರುಗಳ ಕೆಲಸ ಮುಗಿಯುತ್ತದೆ. ಪಾಣಿನಿಯ ವ್ಯಾಕರಣವನ್ನು ಬಲ್ಲ ವಾಚಕರಿಗೆ ಇದು ಹೊಸದೆನಿಸದು. ಅಲ್ಲಿ ಅಧಿಕಾರಸೂತ್ರವೆಂಬುದೊಂದುಂಟು. ತಾನೇ ಒಂದು ಕಾರ್ಯವನ್ನು ವಿಧಿಸದೆ, ಮುಂದೆ ಬರುವ ಸೂತ್ರಗಳೆಲ್ಲ ಯಾವ ಪ್ರಕರಣಕ್ಕೆ ಸೇರಿದವೆಂಬುದನ್ನು ತಲೆಯಲ್ಲಿ ನಿಂತು ಹೇಳುವುದು ಅದರ ಕೆಲಸ.

ಮಗಳು ಬಸ್ಸಿನಲ್ಲಿ ಬರುವ ದಾರಿಗೆ ಹತ್ತಿರವಾದ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವೆಂಬುದೊಂದಿದ್ದಿತು. ಕೆರೆಯ ಕೋಡಿಯ ಹೆಸರನ್ನೇ ಹೊತ್ತ ಆ ಮಠವನ್ನು ೧೧೬೨ರ ಶಾಸನವೊಂದು ವರ್ಣಿಸುತ್ತದೆ. ವೇದಾಧ್ಯಯನ, ಪಾಣಿನೀಯವೇ ಮೊದಲಾದ ವ್ಯಾಕರಣಗಳು, ಷಡ್ದರ್ಶನ, ಯೋಗ, ಪುರಾಣ, ಕಾವ್ಯನಾಟಕ ಇವು ಒಂದು ಕಡೆ. ದೀನರಿಗೂ ಕುರುಡರಿಗೂ ಅನ್ನ, ರೋಗಿಗಳಿಗೆ ಔಷಧೋಪಚಾರ ಇನ್ನೊಂದು ಕಡೆ. ಇಷ್ಟೆಲ್ಲವೂ ಒಂದೇ ಮಠದಲ್ಲಿ ನಡೆಯಬೇಕಾದರೆ ಪಾಠಶಾಲೆಯ ಲೆಕ್ಕ ಪಾಕಶಾಲೆಯ ಲೆಕ್ಕದೊಡನೆ ಬೆರೆಯದಂತಹ ಒಂದು ಏರ್ಪಾಡು ಅವಶ್ಯವಾಗಿ ಇದ್ದಿರಬೇಕು. ಬಹು ಕೆಲಸಗಳು ಒಂದೇ ಮಾಡಿನ ಕೆಳಗೆ ಸೇರಿದಾಗ ಮನುಷ್ಯರಿಗೂ ಯಂತ್ರಕ್ಕೂ ಬೇಕಾಗುವ ವಿವೇಕ ಒಂದೇ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಇಂಟರಪ್ಟ್ ಎಂಬುದು, ತಡೆಗೂಗು ಎನ್ನಬಹುದು. ಯಂತ್ರವು ಏನು ಮಾಡುತ್ತಿದ್ದರೂ ಹೊರಗಿನಿಂದ ಈ ಕೂಗು ಬಂದೊಡನೆ ಅದನ್ನು ಅಲ್ಲಿಗೇ ಬಿಟ್ಟು, ನೇಮಿಸಿದ ಒಂದು ಚಿಕ್ಕ ಕಾರ್ಯವನ್ನು ಮುಗಿಸಿ, ಬಿಟ್ಟಲ್ಲಿಗೇ ಹಿಂದಿರುಗುತ್ತದೆ. ಯಜಮಾನರ ಕಿವಿಯ ಸ್ಥಾನದಲ್ಲಿ ಪೆಟ್ಟಿಗೆಗೆ ಇರುವುದು ಇದೊಂದೇ. ಕೋಡಿ ಬಿದ್ದಿತೆಂದು ಓಡಿಬಂದವನು ಹೇಳುವುದನ್ನು ಹೇಳಿ ಹೊರಟುಹೋಗಬೇಕು; ಜಗುಲಿಯ ಮೇಲೆ ಕುಳಿತು ಕಥೆ ಮಾಡಿದರೆ ಅವನ ಹಿಂದೆ ಬಂದವನು ಬಾಗಿಲಲ್ಲೇ ನಿಲ್ಲುತ್ತಾನೆ. ಕೂಗಿಗೆ ಓಗೊಡುವ ಕಾರ್ಯದ ಒಳಗೆ ಕಾಯಬಾರದು, ಸಂದೇಶ ಕಳುಹಿಸಬಾರದು. ಆ ಹೊತ್ತಿನಲ್ಲಿ ಬೇರೆ ಕೂಗುಗಳು ತಡೆದು ನಿಂತಿರುವುದರಿಂದ ಯಂತ್ರದ ಗಡಿಯಾರವೇ ಮುಂದಕ್ಕೆ ಸರಿಯದು. ಅಂಕಿಯನ್ನು ಒಂದು ಏರಿಸು, ಹಿಂದಿರುಗು: ಇಷ್ಟೇ. ಆ ಅಂಕಿಯನ್ನು ನೋಡಿ ನಿರ್ಣಯಿಸುವುದು ಮುಖ್ಯ ಸುರುಳಿಯ ಕೆಲಸ. ಸುರುಳಿಯೂ ಎಲ್ಲಿಯೂ ಕಾಯದೆ ಒಂದೊಂದು ಕ್ಲಾಸಿನ ಬಳಿಗೆ ಹೋಗಿ 'ಏನಾದರೂ ಉಂಟೆ?' ಎಂದು ವಿಚಾರಿಸಿ ಮುಂದೆ ಸಾಗುತ್ತಿರಬೇಕು.

ಇಲ್ಲಿ ಆಕೆಗೆ ಒಂದು ತೊಡಕು ಬಂದಿತು. ಬಾವಿಗೊಂದು, ಕೊಳವೆಬಾವಿಗೊಂದು ಹೀಗೆ ಎರಡು ಮಾಪಕಗಳು. ಎರಡೂ ಒಂದೇ ಕ್ಲಾಸಿನ ಮಕ್ಕಳು. ಕ್ಲಾಸಿನೊಳಗಿನ ಕ್ರಿಯೆಗೆ ತಾನು ಯಾವ ಮಾಪಕದ ಪರವಾಗಿ ನಡೆಯಬೇಕೆಂಬ ಗುರುತೊಂದು ಗುಟ್ಟಾಗಿ ಜೊತೆಗೆ ಬರಬೇಕು. ಹೊರಗಿನ ಕೂಗಿಗೆ ಆ ಗುರುತು ಇಲ್ಲ. ಅದು ಒಂದು ನಿಯತವಾದ ಬಾಗಿಲನ್ನು ಮಾತ್ರ ಬಲ್ಲುದು. ಆದುದರಿಂದ ಕ್ಲಾಸಿನ ಕ್ರಿಯೆಯನ್ನು ನೇರವಾಗಿ ಕೂಗಿಗೆ ಕಟ್ಟಲು ದುಭಾಷಿ ಒಪ್ಪಲಿಲ್ಲ. ಆ ಹಲಗೆಯಲ್ಲಿ ಇಂತಹ ಕೂಗಿಗೆ ೨ ಮತ್ತು ೩ ಎಂಬ ಎರಡು ಬಾಗಿಲುಗಳುಂಟು. ಬಾಗಿಲಿಗೊಬ್ಬ ದ್ವಾರಪಾಲಕನಂತೆ, ಯಾರ ಗುರುತೂ ಬೇಡದ ಒಂದೊಂದು ಸಣ್ಣ ಕ್ರಿಯೆಯನ್ನು ಇರಿಸಿ, 'ಇಲ್ಲಿ ಬಂದುದು ಬಾವಿಯ ಮಾಪಕಕ್ಕೆ, ಅಲ್ಲಿ ಬಂದುದು ಕೊಳವೆಬಾವಿಯದಕ್ಕೆ' ಎಂದು ಒಪ್ಪಿಸುವಂತೆ ಮಾಡಿದಳು.

ಅದಾದ ಮೇಲೆಯೂ ಪೆಟ್ಟಿಗೆ ನಾಲ್ಕೈದು ದಿನಗಳಿಗೊಮ್ಮೆ ನೀರು ಹರಿಯುತ್ತಿದ್ದಾಗಲೇ ಕಾರಣವಿಲ್ಲದೆ ಪಂಪನ್ನು ನಿಲ್ಲಿಸುತ್ತಿದ್ದಿತು. ಕಾರಣವನ್ನು ಹುಡುಕಲು ಎರಡು ಶನಿವಾರಗಳು ಬೇಕಾದವು. ಈ ಬಿಲ್ಲೆಯು ಒಂದು ಸಲಕ್ಕೆ ಒಂದೇ ಬೈಟನ್ನು ಓದಬಲ್ಲುದು. ದೊಡ್ಡ ಅಂಕಿಯನ್ನು ತುಂಡುತುಂಡಾಗಿ ಓದುತ್ತದೆ. ಎಣಿಕೆಯು ೨೫೫ ಇರುವಾಗ ಕೆಳಗಿನ ತುಂಡನ್ನು ಓದಿತೆನ್ನಿ. ಅಷ್ಟರಲ್ಲಿ ಕೂಗು ಬಂದು ಎಣಿಕೆ ೨೫೬ ಆಯಿತು. ಹಿಂದಿರುಗಿ ಮೇಲಿನ ತುಂಡನ್ನು ಓದಿತು. ಹಳೆಯದರ ಅರ್ಧ, ಹೊಸದರ ಅರ್ಧ ಸೇರಿ ೫೧೧ ಎಂಬ, ಎಂದೂ ಇಲ್ಲದಿದ್ದ ಅಂಕಿಯೊಂದು ಹುಟ್ಟಿತು. ಮುಂದಿನ ಸಲ ನಿಜವಾದ ಎಣಿಕೆ ಅದಕ್ಕಿಂತ ಕಡಮೆಯಾಗಿ ಕಂಡುದರಿಂದ ನೀರು ನಿಂತಿತೆಂದು ಪೆಟ್ಟಿಗೆ ತಿಳಿಯಿತು. ಪರಿಹಾರ ಸುಲಭ: ಓದುವ ಆ ಕ್ಷಣಮಾತ್ರ ಕೂಗುಗಳನ್ನು ತಡೆಹಿಡಿದು, ಅಂಕಿಯನ್ನು ಪ್ರತಿ ಮಾಡಿಕೊಂಡು, ಕೂಡಲೆ ಬಿಟ್ಟುಬಿಡುವುದು. ಇದಲ್ಲದೆ ಅಂತಹ ಅಂಕಿಯ ಹಿಂದೆ ವೊಲಟೈಲ್ ಎಂಬ ಮಾತನ್ನು ಸೇರಿಸಬೇಕು. 'ಇದು ನಿನ್ನ ಬೆನ್ನ ಹಿಂದೆ ಬದಲಾಗಬಹುದು, ಪ್ರತಿಸಲವೂ ಹೋಗಿ ನೋಡು' ಎಂದು ಅದು ದುಭಾಷಿಗೆ ಕೊಡುವ ಎಚ್ಚರಿಕೆ. ಈ ಎಚ್ಚರಿಕೆಗಳೆಲ್ಲ ಮಾಪಕದ ಕ್ಲಾಸಿನೊಳಗೇ ಅಡಗಿದುವು. ಆದುದರಿಂದ ತಿದ್ದಬೇಕಾದುದು ಒಂದೇ ಸ್ಥಳದಲ್ಲಿ. ಮಿಕ್ಕ ಓಲೆಯ ಒಂದು ಸಾಲೂ ಕದಲಲಿಲ್ಲ. ಕ್ರಮದ ಪ್ರಯೋಜನ ಆಕೆಗೆ ಮನದಟ್ಟಾದುದು ಆ ದಿವಸ.

ಕ್ರಮಕ್ಕೂ ಮಿತಿಯುಂಟು. ಹುರುಪಿನಲ್ಲಿ ಆಕೆ ಮೊದಲು ಇಪ್ಪತ್ತು ಕ್ಲಾಸುಗಳನ್ನು ಕಟ್ಟಿ, ಒಂದರಿಂದೊಂದು ಹುಟ್ಟಿದಂತೆ ವಂಶವೃಕ್ಷವನ್ನೇ ಬರೆದಿದ್ದಳು. ವಂಶವೃಕ್ಷವು ಲೆಕ್ಕದ ಹಲಗೆಯಲ್ಲಿ ಜಾಗವನ್ನು ತಿನ್ನತೊಡಗಿತು. ಅದಕ್ಕಿಂತ ಹೆಚ್ಚಾಗಿ ಓದುವವರ ತಾಳ್ಮೆಯನ್ನು ತಿಂದಿತು. ಸೊರಬ ಸಾಗರಗಳ ಗುಡಿಗಾರರು ಗಂಧದ ಕೊರಡಿನಿಂದ ಬೇಡವಾದುದನ್ನು ಕೆತ್ತಿ ತೆಗೆದು ರೂಪವನ್ನು ಉಳಿಸುತ್ತಾರೆ. ಆಕೆಯೂ ಕಡೆಗೆ ನಾಲ್ಕನ್ನು ಉಳಿಸಿಕೊಂಡು ಮಿಕ್ಕುವನ್ನು ತೆಗೆದುಹಾಕಿದಳು.

ಹೊಸ ಓಲೆಯನ್ನು ಪೆಟ್ಟಿಗೆಗೆ ತುಂಬುವ ದಿನ ಯಜಮಾನರು ಪಕ್ಕದಲ್ಲಿ ಕುಳಿತಿದ್ದರು. ಎಲ್ಲವನ್ನೂ ಕೇಳಿದ ಮೇಲೆ ಅವರು ಕೇಳಿದುದು ಯಂತ್ರದ ವಿಷಯವನ್ನಲ್ಲ. "ನೀನು ಊರಿನಲ್ಲಿ ಇಲ್ಲದಾಗ ಇದು ಕೆಟ್ಟರೆ ಇದನ್ನು ಓದುವವರು ಯಾರು?" ಎಂದರು. ಮಗಳು ಉತ್ತರ ಹೇಳಲಿಲ್ಲ. ಆ ರಾತ್ರಿ ಕುಳಿತು ಒಂದೊಂದು ಭಾಗದ ತಲೆಯಲ್ಲಿಯೂ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಏತಕ್ಕೆ ಹಾಗೆ ಬರೆದಿದೆ ಎಂಬುದನ್ನು ತಿಳಿಯಾದ ಕನ್ನಡದಲ್ಲಿ ಬರೆದಳು. ಚೈತ್ರದ ರಾತ್ರಿ ಮೋಟಾರು ಸುಟ್ಟ ಕಾರಣವನ್ನೂ ಮರೆಮಾಡದೆ ಬರೆದಳು. ಓಲೆಯನ್ನು ಯಂತ್ರಕ್ಕೆ ಮಾತ್ರ ಬರೆಯುವುದಲ್ಲ, ಮುಂದೆ ಬಿಚ್ಚಿ ಓದುವ ಮನುಷ್ಯರಿಗೂ ಬರೆಯುವುದೆಂದು ಅಲ್ಲಿಯವರೆಗೆ ಆಕೆಗೆ ತೋರಿರಲಿಲ್ಲ.

ಮಾರನೆಯ ವರ್ಷ ನೆರೆಮನೆಯ ಹುಡುಗನೊಬ್ಬನು ಆ ಓಲೆಯ ಪ್ರತಿಯನ್ನು ಕೇಳಿ ಪಡೆದನು. ಅವರದು ಕೆರೆಯ ಕೆಳಗಿನ ಗದ್ದೆ; ಚಕ್ರದ ಮಾಪಕದಲ್ಲಿ ಕೆಸರು ತುಂಬುವುದರಿಂದ ಅದಕ್ಕೆ ಬದಲಾಗಿ ತೇಲುಗುಂಡನ್ನು ಹಾಕಬೇಕಾಗಿದ್ದಿತು. ಹುಡುಗನು ಮಾಪಕದ ಭಾಗವೊಂದನ್ನು ತೆಗೆದು, ಅದೇ ಪ್ರಶ್ನೆಗೆ ಅದೇ ರೀತಿ ಉತ್ತರ ಕೊಡುವ ಬೇರೊಂದನ್ನು ಬರೆದು ಆ ಸ್ಥಳದಲ್ಲಿಟ್ಟನು. ಉಳಿದ ಮೂರು ಭಾಗಗಳನ್ನು ಮುಟ್ಟಲಿಲ್ಲ. ಉಪಾಧ್ಯಾಯಿನಿಯನ್ನು ಒಂದು ಮಾತೂ ಕೇಳಬೇಕಾಗಲಿಲ್ಲ. ಈ ಸಂಗತಿ ತಿಳಿದಾಗ ಆಕೆಗೆ ಆದ ಸಂತೋಷ, ಪೆಟ್ಟಿಗೆ ಮೊದಲ ದಿನ ಪಂಪನ್ನು ಹಾಕಿದಾಗ ಆದುದಕ್ಕಿಂತ ದೊಡ್ಡದು.

ಯಜಮಾನರು ಈಗ ದೀಪವಾರಿಸಿ ಮಲಗುತ್ತಾರೆ. ಆದರೂ ನಡುರಾತ್ರಿ ವಿದ್ಯುತ್ತು ಬಂದು ತೋಟದ ತಲೆಯಲ್ಲಿ ಪಂಪು ಮೊರೆಯತೊಡಗಿದರೆ ಅವರಿಗೆ ಎಚ್ಚರವಾಗುತ್ತದೆ. ಏಳುವುದಿಲ್ಲ, ದನಿ ಸರಿಯಾಗಿದೆಯೆ ಎಂದು ಒಂದಿಷ್ಟು ಹೊತ್ತು ಕಿವಿಗೊಟ್ಟು ಕೇಳಿ, ಮಗ್ಗುಲಾಗಿ ಪುನಃ ನಿದ್ರೆ ಹೋಗುತ್ತಾರೆ.